ಎಂಜಲು ಪೆಟ್ರೋಲು

ಆ ಕಾಲವೇ ಚೆಂದ ಎಂದು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ಬರೆದದ್ದನ್ನು ಓದಿದರೆ ಆಗಿನ ಮೈಸೂರಿನಲ್ಲಿ ಎಲ್ಲರೂ ಮಲ್ಲಿಗೆ ಮುಡಿದುಕೊಂಡು, ಬಿಸಿ ಕಾಫಿ ಕುಡಿದುಕೊಂಡು, ಜಟಕಾ ಗಾಡಿಯಲ್ಲಿ ಓಡಾಡಿಕೊಂಡು ಸುಖವಾಗಿದ್ದರು ಅನ್ನಿಸಬೇಕು. ನಾನೂ ಆಗ ಅದೇ ಊರಿನಲ್ಲಿದ್ದವಳು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು, ನಾನು ಲಂಗ ಹಾಕಿಕೊಂಡು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದೆ. ಮಲ್ಲಿಗೆ ಇತ್ತು, ಇಲ್ಲ ಅನ್ನುವುದಿಲ್ಲ. ಮಲ್ಲಿಗೆಯ ಜೊತೆಗೆ ನಮ್ಮ ದೊಡ್ಡಪ್ಪನೂ ಇದ್ದ. ಮಲ್ಲಿಗೆಯ ವಿಷಯ ಬರೆಯುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಾನು ದೊಡ್ಡಪ್ಪನ ವಿಷಯ, ಅವನ ಕಾರಿನ ವಿಷಯ, ಆ ಕಾರಿನೊಳಗಿದ್ದ ಒಂದು ಸಣ್ಣ ತಾಮ್ರದ ಪೈಪಿನ ವಿಷಯ ಬರೆಯುತ್ತೇನೆ.

ನಮ್ಮ ಮನೆ ಕೆಸರೆಯಲ್ಲಿತ್ತು. ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ. ಮಂಡಿ ದೊಡ್ಡಪ್ಪನದು, ಮನೆ ದೊಡ್ಡಪ್ಪನದು, ಮಾತು ದೊಡ್ಡಪ್ಪನದು. ನನ್ನ ಅಪ್ಪ ಅವನ ತಮ್ಮ. ಅಪ್ಪ ಇಡೀ ಜೀವಮಾನದಲ್ಲಿ ಆಡಿದ ಮಾತು "ಹೌದಣ್ಣ" ಎನ್ನುವುದೊಂದೇ ಎಂದು ನಾನು ಆಗಾಗ ಹೇಳುತ್ತಿರುತ್ತೇನೆ; ಅದು ಪೂರ್ತಿ ನಿಜವಲ್ಲ, "ಆಯ್ತಣ್ಣ" ಎಂದೂ ಅನ್ನುತ್ತಿದ್ದ. ದೊಡ್ಡಪ್ಪ ಬೆಳಗ್ಗೆ ಎದ್ದು ಮಿಂದು, ಹಣೆಗೆ ಅಗಲವಾಗಿ ವಿಭೂತಿ ಬಳಿದು, ಪೂಜೆ ಮುಗಿಸಿ, ಆಮೇಲೆ ಯಾರನ್ನಾದರೂ ಬೈಯುವುದಕ್ಕೆ ಕೂರುತ್ತಿದ್ದ. ಅವನು ದಡ್ಡನಲ್ಲ. ದಡ್ಡನಾಗಿದ್ದರೆ ಎಂದೋ ಕ್ಷಮಿಸಿಬಿಡುತ್ತಿದ್ದೆ. ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲವೇ ಇಲ್ಲ ಎಂದು ನಂಬಿದ್ದ ಮನುಷ್ಯ ಅವನು.

ದೇಶ ಬಿಟ್ಟು ಹೊರಟ ಇಂಗ್ಲಿಷ್ ದೊರೆಯೊಬ್ಬನಿಂದ ದೊಡ್ಡಪ್ಪ ಆ ಕಾರು ಕೊಂಡಿದ್ದ. ಅಮೆರಿಕದ ಕಾರು, ಹಸಿರು ಬಣ್ಣ, ನಮ್ಮ ಬೀದಿಯ ಅರ್ಧ ಅಗಲ. ಬಾನೆಟ್ಟಿನ ಮೇಲೆ ಮೂರು ಪಟ್ಟೆ ವಿಭೂತಿ ಎಳೆಯದೆ ಅದು ಹೊಸ್ತಿಲು ಬಿಡುವಂತಿರಲಿಲ್ಲ. ಡ್ರೈವರನ್ನು ಇಟ್ಟುಕೊಂಡರೆ ಅವನು ಹೇಳಿದ ಕಡೆ ನಿಲ್ಲಿಸಬೇಕಾಗುತ್ತದೆಂದು ದೊಡ್ಡಪ್ಪ ತಾನೇ ಓಡಿಸುತ್ತಿದ್ದ. ಗೇರು ಬದಲಾಯಿಸುವಾಗ ಬರುತ್ತಿದ್ದ ಸದ್ದಿಗೆ ಎದುರುಮನೆಯ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಒಳಗೆ ಕೂತರೆ ಹಳೇ ಚರ್ಮ, ಬೆಲ್ಲ, ಪೆಟ್ರೋಲು, ವಿಭೂತಿ, ಎಲ್ಲದರ ವಾಸನೆ ಒಟ್ಟಿಗೇ ಬರುತ್ತಿತ್ತು.

ಆ ಕಾರಿಗೆ ಒಂದು ಕಾಯಿಲೆ ಇತ್ತು. ಬೇಸಿಗೆ ಬಂತೆಂದರೆ ಓಡುತ್ತಾ ಓಡುತ್ತಾ ಸುಮ್ಮನೆ ನಿಂತುಬಿಡುತ್ತಿತ್ತು. ಚಾಮುಂಡಿ ಬೆಟ್ಟದ ಏರಿನಲ್ಲಿ ನಿಂತಿತು, ದೊಡ್ಡ ಗಡಿಯಾರದ ಮುಂದೆ ನಿಂತಿತು, ಒಂದು ಸಲ ಯಾರದೋ ಹೆಣದ ಮೆರವಣಿಗೆಯ ಹಿಂದೆ ನಿಂತು, ಅವರೇ ನಾಲ್ಕು ಜನ ಬಂದು ತಳ್ಳಬೇಕಾಯಿತು. ನಿಂತಾಗಲೆಲ್ಲ ಒಂದೇ ಉಪಚಾರ. ದೊಡ್ಡಪ್ಪ ಇಳಿದು ಬಾನೆಟ್ಟು ಎತ್ತಿ, "ನೀರು ತಾರೇ, ಬಟ್ಟೆ ತಾರೇ" ಎಂದು ಕೂಗುವುದು. ದೊಡ್ಡಮ್ಮ ಹಿಂದಿನ ಸೀಟಿನಿಂದ ಇಳಿದು, ನೀರಿನ ಕೂಜ ಬಗ್ಗಿಸಿ, ಹಳೇ ಸೀರೆಯ ತುಂಡು ನೆನೆಸಿ ಕೊಡುವುದು. ಅವನು ಅದನ್ನು ಎಂಜಿನ್ನಿನ ಪಕ್ಕದ ಪಂಪಿನ ಮೇಲೆ ಹೊದಿಸಿ, ಕೈಕಟ್ಟಿಕೊಂಡು ನಿಂತು, ಲೋಕವನ್ನೆಲ್ಲ ಬೈಯುವುದು. ಸ್ವಲ್ಪ ಹೊತ್ತಿಗೆ ಕಾರು ಹೊರಡುತ್ತಿತ್ತು.

ಹಿತ್ತಲಲ್ಲಿ ನಾವು ಮಕ್ಕಳು ಇದನ್ನೇ ಆಟ ಆಡುತ್ತಿದ್ದೆವು. ಒಬ್ಬರು ಕಾರು, ಗುರ್ ಎಂದು ಓಡಿ ಹುಣಸೆಮರದ ಕೆಳಗೆ ನಿಲ್ಲಬೇಕು. ಒಬ್ಬರು ದೊಡ್ಡಪ್ಪ. ಒಬ್ಬರು ದೊಡ್ಡಮ್ಮ, ಒದ್ದೆ ಬಟ್ಟೆ ತಂದು ಕಾರಿನ ತಲೆಗೆ ಹಾಕಬೇಕು. ದೊಡ್ಡಪ್ಪನಾಗುವುದಕ್ಕೆ ಎಲ್ಲರೂ ಜಗಳ ಆಡುತ್ತಿದ್ದೆವು, ಬಾಯಿಗೆ ಬಂದದ್ದು ಬೈಯಬಹುದಿತ್ತಲ್ಲ. ದೊಡ್ಡಮ್ಮನಾಗಲು ಯಾರಿಗೂ ಇಷ್ಟವಿರಲಿಲ್ಲ. ಅವಳ ಪಾಲಿಗೆ ಮಾತೇ ಇರಲಿಲ್ಲ.

ಕೊನೆಗೆ ಅಂತೋಣಿ ಮೇಸ್ತ್ರಿ ಬಂದ. ಇವನೂ ಏನು ಕಡಿಮೆಯವನಲ್ಲ. ಮಿಲಿಟರಿ ವರ್ಕ್‌ಶಾಪಿನಲ್ಲಿ ಇದ್ದವನಂತೆ. ಅವನ ಮಾತು ಕೇಳಿದರೆ ಮಹಾಯುದ್ಧವನ್ನು ಗೆದ್ದದ್ದೇ ಅವನ ಸ್ಪ್ಯಾನರು ಅನ್ನಬೇಕು. ಬೀಡಿ ಕಚ್ಚಿಕೊಂಡೇ ಪೆಟ್ರೋಲಿನ ಹತ್ತಿರ ಬಗ್ಗುತ್ತಿದ್ದ, ನಾವು ನೋಡಿ ಹೆದರಲಿ ಎಂದು. ಕಾರಿನ ಸುತ್ತ ತಿರುಗಿ, ದೊಡ್ಡಪ್ಪನಿಗೆ ಹೇಳಿದ: "ಪೆಟ್ರೋಲು ಪೈಪಲ್ಲೇ ಬೆಂದೋಗ್ತಾ ಅದೆ ಬುದ್ಧಿ. ಬೆಂದು ಆವಿ ಆಯ್ತದೆ. ಪಂಪು ಎಣ್ಣೆ ಎಳೀತದೆ, ಆವಿ ಎಲ್ಲಿ ಎಳೀತದೆ? ವಾಪಸ್ ಪೈಪು ಹಾಕ್ಬುಡ್ತೀನಿ, ಆಮೇಲೆ ನೋಡಿ."

ನನಗೆ ಅವತ್ತು ಅರ್ಥವಾದದ್ದನ್ನೇ ಹೇಳುತ್ತೇನೆ, ಈಗಲೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಪೆಟ್ರೋಲಿನ ಟ್ಯಾಂಕು ಹಿಂದೆ, ಎಂಜಿನ್ನು ಮುಂದೆ. ಪಂಪು ಹಿಂದಿನಿಂದ ಎಳೆದು ಮುಂದಿನ ಕಾರ್ಬುರೇಟರಿಗೆ ತಳ್ಳುತ್ತದೆ. ಕಾರ್ಬುರೇಟರಿನಲ್ಲಿ ಇರುವುದು ಒಂದು ಸಣ್ಣ ಬಟ್ಟಲು. ಅದು ತುಂಬಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಂದ ಪೆಟ್ರೋಲು ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಹೋಗಲಾರದೆ ಕಾದ ಕಬ್ಬಿಣದ ಪಕ್ಕ ನಿಂತುಕೊಂಡಿರುತ್ತದೆ. ನಿಂತರೆ ಬೇಯುತ್ತದೆ. ಮೇಸ್ತ್ರಿ ಕಾರ್ಬುರೇಟರಿನ ಹತ್ತಿರ ಒಂದು ಕವಲು ಕೂಡಿಸಿ, ಅಲ್ಲಿಂದ ತೆಳ್ಳನೆಯ ತಾಮ್ರದ ಪೈಪನ್ನು ಕಾರಿನ ಹೊಟ್ಟೆಯ ಕೆಳಗೇ ಎಳೆದು, ತಿರುಗಿ ಟ್ಯಾಂಕಿನ ಕತ್ತಿಗೆ ತಂದು ಸೇರಿಸಿದ. ಎಂಜಿನ್ನು ಬೇಡವೆಂದದ್ದು ಅದರಲ್ಲಿ ಮನೆಗೆ ವಾಪಸ್ ಹೋಗುತ್ತದೆ, ಜೊತೆಗೆ ಆವಿಯೂ ಹೋಗುತ್ತದೆ, ತಣ್ಣಗಿರುವುದು ಬರುತ್ತದೆ. ಅಷ್ಟೇ ವಿದ್ಯೆ. ಆ ಬೇಸಿಗೆಯಲ್ಲಿ ಮಿಕ್ಕ ದಿನವೆಲ್ಲ ಕಾರು ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡಮ್ಮ ಒದ್ದೆ ಬಟ್ಟೆಯ ತುಂಡನ್ನು ಒಲೆ ಒರೆಸುವುದಕ್ಕೆ ಹಾಕಿಕೊಂಡಳು. ದೊಡ್ಡಪ್ಪ ಪೈಪಿನ ವಿಷಯ ಏನೂ ಕೇಳಲಿಲ್ಲ, ತಾನು ಓಡಿಸುವ ರೀತಿಗೆ ಕಾರು ಹದಕ್ಕೆ ಬಂತೆಂದು ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದ.

ಮಳೆಗಾಲ ಹೋಯಿತು, ಶಿವರಾತ್ರಿ ಬಂತು. ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಗಿರಿಜಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದಳು. ದೊಡ್ಡಪ್ಪನ ಮಗಳು. ಹಿಂದಿನ ವರ್ಷ ಚಾಮರಾಜನಗರದ ಕಡೆ, ಎಣ್ಣೆ ಗಾಣ ಇಟ್ಟುಕೊಂಡವರ ಮನೆಗೆ ಕೊಟ್ಟಿದ್ದರು. ಕೈಯಲ್ಲಿ ತಗಡಿನ ಟ್ರಂಕು ಹಿಡಿದು ಜಗಲಿಯ ಮೇಲೆ ನಿಂತಿದ್ದಳು, ಒಳಗೆ ಬರಲೋ ಬೇಡವೋ ಎಂದು. ದೊಡ್ಡಮ್ಮ ಏನೂ ಕೇಳದೆ ಟ್ರಂಕು ಇಸಿದುಕೊಂಡಳು. ಆ ದಿನದಿಂದ ಗಿರಿಜಕ್ಕ ನನ್ನ ಪಕ್ಕ ಮಲಗುತ್ತಿದ್ದಳು. ತಲೆ ಬಾಚಿಕೊಳ್ಳಲು ಕೈ ಎತ್ತಿದಾಗ ಮೊಣಕೈಯ ಮೇಲೆ ಸುಟ್ಟ ಗುರುತು ಕಾಣುತ್ತಿತ್ತು. ಒಂದಲ್ಲ, ಸಾಲಾಗಿ. ಕಾದ ಸೌಟಿನ ಬೆನ್ನಿನಷ್ಟು ಅಗಲ.

"ಏನಕ್ಕ ಇದು?" ಎಂದು ಕೇಳಿದೆ.

"ಅಡುಗೆ ಕಲಿಸ್ತಾ ಇದ್ರು ಕಣೇ," ಎಂದಳು.

ದೊಡ್ಡಪ್ಪನಿಗೂ ಆ ಗುರುತುಗಳನ್ನು ದೊಡ್ಡಮ್ಮ ತೋರಿಸಿದ್ದಳು. ಅವನು ನೋಡಿ ಮುಖ ಆಚೆಗೆ ತಿರುಗಿಸಿಕೊಂಡ. "ಕೊಟ್ಟಿದ್ದು ಕೊಟ್ಟಾಯ್ತು. ಒಗ್ಗೋತನಕ ಎಲ್ಲಾ ಮನೇಲೂ ಇದ್ದಿದ್ದೇ. ಯುಗಾದಿ ಮುಗೀಲಿ, ನಾನೇ ಕರ್ಕೊಂಡೋಗಿ ಬಿಟ್ಬುಟ್ಟು ಬತ್ತೀನಿ" ಎಂದ. ಅಪ್ಪ "ಹೌದಣ್ಣ" ಎಂದ. ಗಿರಿಜಕ್ಕ ಮನೆಯಲ್ಲಿ ಓಡಾಡುವುದನ್ನು ನಿಲ್ಲಿಸಿ ಅಡುಗೆಮನೆಯೊಳಗೇ ಇರತೊಡಗಿದಳು.

ಈಗ ನಮ್ಮ ಮನೆಯ ಎಂಜಲಿನ ಕಥೆ ಹೇಳಬೇಕು. ಎಂಜಲು ಎಂಬುದು ಎಲ್ಲರ ಮನೆಯಲ್ಲೂ ಇತ್ತು, ಆದರೆ ದೊಡ್ಡಪ್ಪ ಅದನ್ನು ಹಿಡಿದುಕೊಂಡು ನೇತಾಡುತ್ತಿದ್ದ. ಒಂದು ಸಲ ಎಲೆಗೆ ಬಡಿಸಿದ್ದು ಮುಟ್ಟದೇ ಇದ್ದರೂ ಪಾತ್ರೆಗೆ ವಾಪಸ್ ಹೋಗುವಂತಿಲ್ಲ. ಒಂದು ಹಬ್ಬದಲ್ಲಿ ನನಗೆ ಹೊಟ್ಟೆ ತುಂಬಿತೆಂದು ಮುಟ್ಟದ ಒಬ್ಬಟ್ಟೊಂದನ್ನು ಎತ್ತಿ ಬಡಿಸುವ ತಟ್ಟೆಗೆ ವಾಪಸ್ ಹಾಕಿಬಿಟ್ಟೆ. ಅದರಲ್ಲಿದ್ದ ಅಷ್ಟೂ ಒಬ್ಬಟ್ಟು, ದೊಡ್ಡಮ್ಮ ಬೆಳಗಿನಿಂದ ಒಲೆಯ ಮುಂದೆ ಕೂತು ಬೇಯಿಸಿದ್ದು, ಎಮ್ಮೆಯ ಬಾನಿಗೆ ಹೋಯಿತು. ನೀರು ಕುಡಿಯುವಾಗ ತುಟಿ ತಾಗಿಸುವಂತಿರಲಿಲ್ಲ. ತಲೆ ಹಿಂದಕ್ಕೆ ಹಾಕಿ ಮೇಲಿನಿಂದ ಸುರಿದುಕೊಳ್ಳಬೇಕು. ನಾನು ಕೆಮ್ಮಿ ಕೆಮ್ಮಿ ಕಲಿತವಳು. ಮಠದ ಸ್ವಾಮಿಗಳೇ ಇಷ್ಟು ಮಾಡುತ್ತಿರಲಿಲ್ಲ. ಅವರ ಕಿವಿಗೆ ಬಿದ್ದಿದ್ದರೆ ನಕ್ಕುಬಿಡುತ್ತಿದ್ದರು.

ಯುಗಾದಿಗೆ ಮುಂಚೆ ಒಂದು ಬೆಳಗ್ಗೆ ಅಂತೋಣಿ ಮೇಸ್ತ್ರಿ ಎಂಜಿನ್ನು ನೋಡಿಹೋಗಲು ಬಂದ. ಸುಮ್ಮನೆ ನೋಡಿ ಹೋಗಿದ್ದರೆ ಆಗುತ್ತಿತ್ತು. ತನ್ನ ಕೈಚಳಕ ತೋರಿಸುವ ಚಟ ನೋಡಿ, ಎಂಜಿನ್ನು ಚಾಲೂ ಇಟ್ಟುಕೊಂಡೇ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ಬಿಚ್ಚಿ, "ಬನ್ನಿ ಬುದ್ಧಿ, ಕಿವಿ ಇಟ್ಟು ಕೇಳಿ. ಹೋಗಿದ್ದು ವಾಪಸ್ ಬಂದು ಬೀಳ್ತಾ ಅದೆ" ಎಂದ. ನಾವೆಲ್ಲ ಬಗ್ಗಿದೆವು. ಟ್ಯಾಂಕಿನೊಳಗೆ ತೆಳ್ಳಗೆ ಸುರಿಯುವ ಸದ್ದು ಕೇಳುತ್ತಿತ್ತು. ನನಗೆ ಭಾರಿ ಖುಷಿಯಾಯಿತು. ದೊಡ್ಡಪ್ಪ ಮಾತ್ರ ಬಗ್ಗಿದವನು ನಿಧಾನವಾಗಿ ನೆಟ್ಟಗಾದ. ಅವನ ಮುಖ ನೋಡಿದರೆ ಪಾಯಸದಲ್ಲಿ ಹಲ್ಲಿ ಕಂಡವನ ಹಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಶುರುವಾಯಿತು. "ಎಂಜಿನ್ನಿಗೆ ಬಡಿಸಿದ್ದು ಎಂಜಿನ್ನಿನ ಪಾಲು. ಅದು ಬೇಡ ಅಂದಿದ್ದನ್ನ ತಂದು ಟ್ಯಾಂಕಿಗೆ ಹುಯ್ಯೋದಾ? ಇಡೀ ಟ್ಯಾಂಕೇ ಎಂಜಲಾಯ್ತು. ಆ ಕಾರಲ್ಲಿ ಕೂತ್ಕೊಂಡು ಮಠಕ್ಕೆ ಹೋಗಿದ್ದೀನಲ್ಲೋ ನಾನು."

"ಹೌದಣ್ಣ," ಎಂದ ಅಪ್ಪ.

"ಹೋಗಿದ್ದು ಹೋದ ಕಡೆ ಇರ್ಬೇಕು. ಉರಿದ್ರೆ ಅಲ್ಲೇ ಉರೀಲಿ. ವಾಪಸ್ ಬರೋದು ಅಂದ್ರೇನು? ಈ ಮನೇಲಿ ಎಲ್ಲಾ ವಾಪಸ್ ಬರೋದೇ ಆಗೋಯ್ತು."

ಗಿರಿಜಕ್ಕ ಅನ್ನದ ತಪ್ಪಲೆ ಹಿಡಿದು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಬಡಿಸಲು ಮುಂದೆ ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ದೊಡ್ಡಮ್ಮ ತಪ್ಪಲೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಬಂದು ದೊಡ್ಡಪ್ಪನಿಗೆ ಬಡಿಸಿದಳು. ಅವಳ ಬಾಯಲ್ಲಿ ಒಂದು ಮಾತು ಬರಲಿಲ್ಲ. ಅವಳೂ ಅಪ್ಪನ ಜಾತಿಯವಳೇ ಎಂದು ನನಗೆ ಆಗ ಸಿಟ್ಟು ಬಂದಿತ್ತು.

ಮಾರನೆಯ ದಿನ ಮೇಸ್ತ್ರಿಗೆ ಬುಲಾವು ಹೋಯಿತು. ಆ ಪೈಪು ಮುಚ್ಚು ಎಂದ ದೊಡ್ಡಪ್ಪ. ಮೇಸ್ತ್ರಿಗೆ ಆಗುವುದೇನೆಂದು ಚೆನ್ನಾಗಿ ಗೊತ್ತಿತ್ತು. "ಬೇಸಿಗೆ ಬಂತಲ್ಲ ಬುದ್ಧಿ" ಎಂದು ಬಾಯಿ ತೆಗೆದ, ದೊಡ್ಡಪ್ಪನ ಮುಖ ನೋಡಿ ಬಾಯಿ ಮುಚ್ಚಿದ. ಮಹಾಯುದ್ಧ ಗೆದ್ದ ಶೂರ ಬೆಲ್ಲದ ಮಂಡಿಯವನ ಹುಬ್ಬಿಗೆ ಹೆದರಿದ. "ನಿಮ್ಮ ಕಾರು, ನಿಮ್ಮ ಶಾಸ್ತ್ರ" ಎಂದು ಇಕ್ಕಳದಲ್ಲಿ ತಾಮ್ರದ ಪೈಪನ್ನು ಹಿಡಿದು ಚಪ್ಪಟೆ ಮಾಡಿ, ಮಡಚಿ, ಮೇಲೊಂದು ಏಟು ಹಾಕಿದ. ದೊಡ್ಡಪ್ಪ ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನೆಲ್ಲ ಸುರಿಸಿ, ಹೊಸದು ತುಂಬಿಸಿ, ಬಾನೆಟ್ಟಿನ ಮೇಲೆ ಹೊಸದಾಗಿ ವಿಭೂತಿ ಎಳೆದ.

ಯುಗಾದಿ ಮುಗಿಯಿತು. ಹೊರಡಲು ಪಂಚಾಂಗದಲ್ಲಿ ದೊಡ್ಡಪ್ಪನಿಗೆ ಸಿಕ್ಕಿದ ಒಳ್ಳೆಯ ಗಳಿಗೆ ಸೂರ್ಯ ನೆತ್ತಿಗೆ ಬರುವ ಹೊತ್ತಿನದು. ಬೆಳಗಿನ ತಂಪಿನಲ್ಲಿ ಹೊರಟು ಹೋಗಬಹುದಿತ್ತು, ಆದರೆ ತಂಪು ಒಳ್ಳೆಯದೆಂದು ಪಂಚಾಂಗದಲ್ಲಿ ಬರೆದಿರಲಿಲ್ಲ. ದೊಡ್ಡಮ್ಮ ಗಿರಿಜಕ್ಕನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು: ಅಕ್ಕಿ, ಕೊಬ್ಬರಿ, ಅಚ್ಚು ಬೆಲ್ಲ, ಎಲೆ ಅಡಿಕೆ, ಅರಿಶಿನದ ಕೊಂಬು. ಗಂಡನ ಮನೆಗೆ ಹೋಗುವ ಮಗಳಿಗೆ ತಾಯಿ ಕೊಡುವ ಮಡಿಲಕ್ಕಿ. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಅತ್ತೆಮನೆಯಲ್ಲಿಯೇ ಬಿಚ್ಚಬೇಕು, ದಾರಿಯಲ್ಲಿ ಬಿಚ್ಚುವಂತಿಲ್ಲ. ಗಿರಿಜಕ್ಕ ಸೆರಗು ಒಡ್ಡಿ ಕೂತಿದ್ದಳು, ಕಣ್ಣು ಎಲ್ಲೋ ಇತ್ತು. ಅವಳ ಜೊತೆಗೆ ಕೆಲವು ದಿನ ಇರಲೆಂದು ನನ್ನನ್ನೂ ಹೊರಡಿಸಿದರು. ಹಾಗೆ ಒಂದು ಹೆಣ್ಣುಮಗುವನ್ನು ಜೊತೆಗೆ ಕಳಿಸುವುದು ಆಗಿನ ಪದ್ಧತಿ. ಮಗು ಜೊತೆಗಿದ್ದರೆ ಮೊದಲ ನಾಲ್ಕು ದಿನ ಹೊಡೆಯುವುದಿಲ್ಲ ಎಂಬ ಲೆಕ್ಕಾಚಾರವಿರಬೇಕು.

ಊರು ದಾಟಿ ನಂಜನಗೂಡಿನ ರಸ್ತೆ ಹಿಡಿದೆವು. ಮುಂದೆ ದೊಡ್ಡಪ್ಪ ಒಬ್ಬನೇ. ಹಿಂದೆ ನಾವು ಮೂರು ಜನ, ಮಧ್ಯೆ ಗಿರಿಜಕ್ಕ. ದೊಡ್ಡಮ್ಮನ ತೊಡೆಯ ಮೇಲೆ ಹಿತ್ತಾಳೆಯ ಕೂಜ. ಕಡಕೊಳ ದಾಟಿದ ಮೇಲೆ ರೈಲ್ವೆ ಗೇಟು ಮುಚ್ಚಿತ್ತು. ನಿಂತೆವು. ರೈಲು ಬರಲಿಲ್ಲ. ಪಕ್ಕದ ಎತ್ತಿನಗಾಡಿಯವನು ಎತ್ತು ಬಿಚ್ಚಿ ನೆರಳಿಗೆ ಕಟ್ಟಿದ. ಅವನಿಗಿದ್ದಷ್ಟು ವಿವೇಕ ದೊಡ್ಡಪ್ಪನಿಗಿರಲಿಲ್ಲ. ಎಂಜಿನ್ನು ಆರಿಸಿದರೆ ಮತ್ತೆ ಎಲ್ಲರೆದುರು ಇಳಿದು ಹ್ಯಾಂಡಲು ತಿರುಗಿಸಬೇಕಾದೀತೆಂದು, ಆ ಉರಿಬಿಸಿಲಿನಲ್ಲಿ ಎಂಜಿನ್ನನ್ನು ಹಾಗೇ ಬಿಟ್ಟುಕೊಂಡು ಕೂತ. ಕಾಲಡಿಯ ತಗಡು ಕಾಯತೊಡಗಿತು. ಪೆಟ್ರೋಲಿನ ವಾಸನೆ ಗಂಟಲಿಗೆ ಬಂತು. ಗಿರಿಜಕ್ಕನ ಕೈ ನನ್ನ ಕೈ ಹಿಡಿದಿತ್ತು, ಅದು ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ರೈಲು ಬಂದು ಹೋಯಿತು. ಗೇಟು ಎದ್ದಿತು. ಕಾರು ಹಳಿಯ ಮೇಲೆ ಕುಲುಕಿ ಆಚೆಗೆ ಇಳಿದು, ಎರಡು ಸಲ ಎಗರಿ, ನಿಂತುಬಿಟ್ಟಿತು.

ದೊಡ್ಡಪ್ಪ ಬಟನ್ ಒತ್ತಿದ. ಹ್ಯಾಂಡಲು ಹಾಕಿ ತಿರುಗಿಸಿದ. ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಬಂತು. ಹಿಂದಿನ ಗಾಡಿಯವರು ಕೂಗಾಡಿದರು. ಗೇಟಿನವನು ಬಂದು, ಇನ್ನಿಬ್ಬರನ್ನು ಸೇರಿಸಿ, ಕಾರನ್ನು ರಸ್ತೆಯ ಪಕ್ಕಕ್ಕೆ ತಳ್ಳಿ, "ಎಂಜಿನ್ನು ಕಾದದೆ ಸ್ವಾಮಿ, ನನ್ ಗುಡಿಸ್ಲಲ್ಲಿ ನೀರದೆ, ತಂದ್ಕೊಡ್ಲಾ?" ಎಂದ. ಯಾರ ಮಡಕೆಯ ನೀರೋ, ಯಾರು ಮುಟ್ಟಿದ್ದೋ. ದೊಡ್ಡಪ್ಪ ಬೇಡವೆಂದು ಕೈ ಬೀಸಿದ. ಬಾನೆಟ್ಟು ಎತ್ತಿ, ಹಳೇ ರಾಗ ತೆಗೆದ.

"ನೀರು ತಾರೇ. ಬಟ್ಟೆ ತಾರೇ."

ದೊಡ್ಡಮ್ಮ ಕೂಜ ಹಿಡಿದು ಇಳಿದಳು. ನಾವೂ ಇಳಿದೆವು. "ಇರಿ, ಹುಡುಗೀರಿಗೆ ಬಾಯಾರಿದೆ" ಎಂದು ಗಿರಿಜಕ್ಕನ ಬೊಗಸೆಗೆ ನೀರು ಬಿಟ್ಟಳು. ಅವಳು ಕುಡಿದು ಮುಖಕ್ಕೂ ಹಾಕಿಕೊಂಡಳು. ಆಮೇಲೆ ನನ್ನ ಬೊಗಸೆಗೆ ಬಿಟ್ಟಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ ನಿಂತು, ನಾನು ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಮಾಡಿದ್ದನ್ನು ನೋಡದ ಕೆಲಸ ಮಾಡಿದಳು. ಕೂಜದ ಬಾಯಿಗೆ ತನ್ನ ಬಾಯಿ ಹಚ್ಚಿ ಗಟಗಟನೆ ಕುಡಿದಳು. ನೀರು ಗಲ್ಲದ ಮೇಲಿಂದ ಇಳಿಯಿತು, ಸೆರಗಿನಲ್ಲಿ ಒರೆಸಿಕೊಂಡಳು. ಮಿಕ್ಕ ನೀರಿನ ಸಮೇತ ಕೂಜವನ್ನು ಅವನ ಮುಂದೆ ಹಿಡಿದಳು.

"ತಗೊಳ್ಳಿ. ಎಂಜಲಾಗಿದೆ. ನಿಮ್ಮ ಕಾರಿಗೆ ಆಗುತ್ತಾ ನೋಡಿ."

ದೊಡ್ಡಪ್ಪನ ಕೈ ಮುಂದೆ ಬಂದಿತ್ತು, ಅಲ್ಲೇ ನಿಂತಿತು. "ತಲೆ ಕೆಟ್ಟಿದ್ಯಾ ನಿಂಗೆ?"

"ಇಲ್ಲ. ಒಂದ್ಸಲ ಬೇರೆ ಕಡೆ ಹೋಗಿದ್ದು ವಾಪಸ್ ಬಂದ್ರೆ ಎಂಜಲು ಅಂತ ನೀವೇ ಹೇಳ್ತಿದ್ರಿ. ನನ್ ಮಗಳು ಎಂಜಲಾದ್ರೆ ನಾನೂ ಎಂಜಲೇ ಕಣ್ರೀ. ನನ್ನೂ ಅವಳ ಜೊತೆ ಅಲ್ಲೇ ಬಿಟ್ಬುಡಿ. ಇಲ್ಲ ಅಂದ್ರೆ ಇಬ್ರನ್ನೂ ಮನೇಲಿ ಇಟ್ಕೊಳ್ಳಿ."

ದೊಡ್ಡಮ್ಮ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಧ್ವನಿ ಏರಿರಲಿಲ್ಲ, ಎಣ್ಣೆ ಮುಗಿದಿದೆ ತನ್ನಿ ಎಂದು ಹೇಳುವ ಧ್ವನಿಯೇ. ಚಾಚಿದ ಕೂಜವನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. ದೊಡ್ಡಪ್ಪ ಕೂಜವನ್ನು ನೋಡಿದ, ಬಾನೆಟ್ಟಿನ ಮೇಲಿನ ವಿಭೂತಿಯನ್ನು ನೋಡಿದ. ಆ ನೀರು ಹಾಕಿದ್ದರೆ ಕಾರು ಹೊರಡುತ್ತಿತ್ತು. ಸಂಜೆಯೊಳಗೆ ಚಾಮರಾಜನಗರ ಸೇರುತ್ತಿದ್ದೆವು, ಗಿರಿಜಕ್ಕನ ಬಾಳು ಆ ಗಾಣದ ಮನೆಯಲ್ಲಿ ಮುಗಿಯುತ್ತಿತ್ತು. ಅವನಿಗೆ ನೀರು ಮುಟ್ಟಲಾಗಲಿಲ್ಲ. ಮಗಳನ್ನು ಸುಡುವ ಮನೆಗೆ ವಾಪಸ್ ಬಿಡಲು ಧೈರ್ಯವಿದ್ದ ಗಂಡಸಿಗೆ, ಹೆಂಡತಿ ಬಾಯಿ ಹಚ್ಚಿದ ಒಂದು ಚೊಂಬಿನಷ್ಟು ನೀರು ಮುಟ್ಟಲು ಧೈರ್ಯವಿರಲಿಲ್ಲ.

ನಂಜನಗೂಡಿನ ಕಡೆಯಿಂದ ಮೈಸೂರಿಗೆ ಹೋಗುವ ಬಸ್ಸು ಗೇಟಿನ ಹತ್ತಿರ ನಿಧಾನವಾಯಿತು. ದೊಡ್ಡಮ್ಮ ರಸ್ತೆಯ ಮಧ್ಯಕ್ಕೆ ಹೋಗಿ ಕೈ ಅಡ್ಡ ಹಿಡಿದಳು. ಗಿರಿಜಕ್ಕ ಯಾರೂ ಹೇಳದೆಯೇ ಡಿಕ್ಕಿ ತೆಗೆದು ತನ್ನ ಟ್ರಂಕು ಎಳೆದುಕೊಂಡಳು.

"ಎಲ್ಲಿಗೇ?" ಎಂದ ದೊಡ್ಡಪ್ಪ.

"ಮನೆಗೆ. ನೀವು ಕಾರು ತಣ್ಣಗಾದ ಮೇಲೆ ಬನ್ನಿ," ಎಂದಳು ದೊಡ್ಡಮ್ಮ.

ಬಸ್ಸಿನ ತುಂಬ ಬದನೆಕಾಯಿಯ ಮಂಕರಿ, ಹೊಗೆಸೊಪ್ಪಿನ ಘಾಟು, ಯಾರದೋ ಕೋಳಿ. ಗಿರಿಜಕ್ಕ ಕಿಟಕಿಯ ಪಕ್ಕ ಕೂತಳು. ಕಡಕೊಳ ಹಿಂದೆ ಬೀಳುತ್ತಿದ್ದ ಹಾಗೆ ಸೆರಗಿನ ಗಂಟಿಗೆ ಕೈ ಹಾಕಿ ಬಿಚ್ಚಿದಳು. ಮಡಿಲಕ್ಕಿಯೊಳಗಿನಿಂದ ಒಂದು ಅಚ್ಚು ಬೆಲ್ಲ ತೆಗೆದು, ಕಂಬಿಗೆ ಕುಟ್ಟಿ ಒಡೆದು, ನನಗೊಂದು ತುಂಡು ಕೊಟ್ಟಳು, ತನ್ನ ಅವ್ವನಿಗೊಂದು ಕೊಟ್ಟಳು, ತಾನೊಂದು ಬಾಯಿಗೆ ಹಾಕಿಕೊಂಡಳು. ದೊಡ್ಡಮ್ಮ ನೋಡಿದಳು, ದಾರಿಯಲ್ಲಿ ಬಿಚ್ಚಬಾರದು ಎಂದು ಹೇಳಲಿಲ್ಲ. ಬೆಲ್ಲ ಬಾಯಲ್ಲಿಟ್ಟುಕೊಂಡು ಅಳತೊಡಗಿದಳು. ಗಿರಿಜಕ್ಕ ಅಳಲಿಲ್ಲ. ನಾನು ಬೆಲ್ಲದ ಮಂಡಿಯ ಮನೆಯಲ್ಲಿ ಬೆಳೆದವಳು, ಬೇಕಾದಷ್ಟು ಬೆಲ್ಲ ತಿಂದಿದ್ದೇನೆ. ಅಷ್ಟು ರುಚಿಯಾದದ್ದನ್ನು ಎಂದೂ ತಿಂದಿಲ್ಲ.

ದೊಡ್ಡಪ್ಪ ಸಂಜೆ ಬಂದ. ಬಿಸಿಲು ಇಳಿದ ಮೇಲೆ ಎಂಜಿನ್ನು ತಾನೇ ತಣ್ಣಗಾಗಿತ್ತು. ಬಂದವನೇ, ಬಂಕಿನವನು ಪೆಟ್ರೋಲಿಗೆ ಸೀಮೆಣ್ಣೆ ಬೆರೆಸಿದ್ದಾನೆಂದು ಜಗಲಿಯಿಂದಲೇ ಕೂಗಾಡಿದ. ಮಾರನೆಯ ದಿನ ದೊಡ್ಡಮ್ಮ ಪಾಯಸ ಮಾಡಿ ಬಡಿಸಿದಳು. ದೊಡ್ಡಪ್ಪ ಒಂದು ಸಲ ಬಾಯಿಗೆ ಹಾಕಿಕೊಂಡು, "ಯಾವ ಅಕ್ಕಿ ಇದು?" ಎಂದ.

"ಗಿರಿಜೆ ಮಡಿಲಿಂದು," ಎಂದಳು ದೊಡ್ಡಮ್ಮ.

ಮಡಿಲಕ್ಕಿ ತವರಿನಲ್ಲೇ ಬೆಂದರೆ ಮಗಳು ಹೋಗುವುದಿಲ್ಲ ಎಂದೇ ಅರ್ಥ. ಅವನು ಎಲೆಯನ್ನು ನೋಡುತ್ತಾ ಕೂತ. ಅಪ್ಪ ಅಣ್ಣನ ಮುಖ ನೋಡುತ್ತಾ ಕೂತ, "ಹೌದಣ್ಣ" ಎನ್ನಲು ಏನಾದರೂ ಸಿಕ್ಕೀತೇ ಎಂದು. ಕೊನೆಗೆ ದೊಡ್ಡಪ್ಪ ತಿಂದ. ಮನಸ್ಸು ಕರಗಿತು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಹಸಿವಾಗಿತ್ತು, ತಿಂದ.

ಗಾಣದವರು ಹಿರಿಯರನ್ನು ಕರೆದುಕೊಂಡು ನ್ಯಾಯಕ್ಕೆ ಬಂದಾಗ ಅವನ ನಿಜವಾದ ಬಣ್ಣ ನೋಡಬೇಕಿತ್ತು. ಹೆಂಡತಿ ತನ್ನ ಕೈಮೀರಿದಳೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಹಾಗಿರಲಿಲ್ಲವಲ್ಲ. "ನಾನೇ ಅರ್ಧ ದಾರಿಯಿಂದ ವಾಪಸ್ ಕರ್ಕೊಂಡ್ ಬಂದೆ. ನನ್ ಮಗಳ ಮೈಮೇಲೆ ಸೌಟಿನ ಗುರುತು ಹಾಕೋರ ಮನೆಗೆ ಕಳ್ಸಲ್ಲ" ಎಂದು ಎದೆ ಮುಂದೆ ಮಾಡಿ ಹೇಳಿದ. ಬಂದವರು ಭಲೇ ಎಂದರು. ಒಂದು ಸಲ ಹಾಗೆಂದ ಮೇಲೆ ಅವನು ಅದರಿಂದ ಹಿಂದೆ ಸರಿಯುವಂತಿರಲಿಲ್ಲ. ದೊಡ್ಡಮ್ಮ ಒಳಗೆ ಕಾಫಿ ಸೋಸುತ್ತಾ ಕೇಳಿಸಿಕೊಂಡಳು. ಆ ಸುಳ್ಳನ್ನು ಅವನು ಸಾಯುವವರೆಗೂ ಹೇಳಿದ, ಕೊನೆಕೊನೆಗೆ ತಾನೇ ನಂಬಿಬಿಟ್ಟಿದ್ದ. ಅವನು ಸತ್ತಾಗ ಬಂದವರೆಲ್ಲ ಆ ಮಾತನ್ನೇ ನೆನೆಸಿಕೊಂಡು ಹೊಗಳಿದರು.

ಮಡಚಿ ಮುಚ್ಚಿದ್ದ ತಾಮ್ರದ ಪೈಪನ್ನು ಅವನು ಮತ್ತೆ ತೆರೆಸಲಿಲ್ಲ. ಪ್ರತಿ ಬೇಸಿಗೆಯಲ್ಲೂ ಕಾರು ನಿಂತಿತು. ದೊಡ್ಡಮ್ಮ ಮತ್ತೆಂದೂ ಬಟ್ಟೆ ನೆನೆಸಿ ಕೊಡಲಿಲ್ಲ, ಸೀಟಿನಲ್ಲೇ ಕೂತಿರುತ್ತಿದ್ದಳು. ಅವನೇ ತನ್ನ ಮೇಲುವಸ್ತ್ರ ಒದ್ದೆ ಮಾಡಿ ಹೊದಿಸಿ, ಬರಿಮೈಯಲ್ಲಿ ರಸ್ತೆಯ ಮೇಲೆ ನಿಲ್ಲುತ್ತಿದ್ದ. ಕೊನೆಗೆ ಯಾರಿಗೋ ಮಾರಿದ. ಗಿರಿಜಕ್ಕ ಓದು ಮುಂದುವರಿಸಿ ಟೀಚರಾದಳು. ಗೋಕುಲಂನಲ್ಲಿ ಸಣ್ಣ ಮನೆ ಮಾಡಿಕೊಂಡು ದೊಡ್ಡಮ್ಮನನ್ನು ಕೊನೆಯವರೆಗೆ ತನ್ನ ಹತ್ತಿರವೇ ಇಟ್ಟುಕೊಂಡಳು. ಈಗ ಅವಳೂ ಇಲ್ಲ.

ಮೊನ್ನೆ ಹಳೇ ಕಾರುಗಳನ್ನೆಲ್ಲ ತೊಳೆದು ಹೊಳೆಯಿಸಿ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ್ದರು, ಮೊಮ್ಮಗಳು ಎಳೆದುಕೊಂಡು ಹೋದಳು. ಅಂಥದ್ದೇ ಹಸಿರು ಕಾರೊಂದರ ಬಾನೆಟ್ಟು ಎತ್ತಿಕೊಂಡು, ತಲೆಗೆ ಹ್ಯಾಟು ಹಾಕಿದ ಹುಡುಗನೊಬ್ಬ ನಿಂತಿದ್ದ. ನಾನು ಬಗ್ಗಿ ನೋಡುವುದನ್ನು ಕಂಡು, "ಇದು ರಿಟರ್ನ್ ಲೈನು ಅಜ್ಜಿ. ಹೆಚ್ಚಾದ ಪೆಟ್ರೋಲು ಇದರಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತೆ. ನಿಮಗೆ ಅರ್ಥ ಆಗಲ್ಲ ಬಿಡಿ" ಎಂದ. ಅರ್ಥವಾಗಲಿಲ್ಲ ಎಂದು ತಲೆ ಆಡಿಸಿದೆ. ಅಂಥವರ ಜೊತೆ ವಾದಕ್ಕಿಳಿಯುವ ವಯಸ್ಸು ನನ್ನದಲ್ಲ.

ಏನು ಕಳೆದುಕೊಂಡೆವು ಎಂದು ಇಂಥ ಬರಹದ ಕೊನೆಗೆ ಎಲ್ಲರೂ ಲೆಕ್ಕ ಹಾಕುತ್ತಾರೆ. ಕೆಸರೆಯ ಆ ಮನೆ ಹೋಯಿತು, ಮಂಡಿ ಹೋಯಿತು, ದೊಡ್ಡಪ್ಪ ಹೋದ, ಎಂಜಲಿನ ಕಟ್ಟಳೆ ಹೋಯಿತು. ಅವಕ್ಕೆಲ್ಲ ನನ್ನಲ್ಲಿ ಒಂದು ಹನಿ ಕಣ್ಣೀರಿಲ್ಲ, ಹೋದದ್ದೇ ಒಳ್ಳೆಯದಾಯಿತು. ಆ ಹುಡುಗ ಮಾತು ಮುಗಿಸಿ ಬಾಟಲಿ ಎತ್ತಿ, ಬಾಯಿ ಹಚ್ಚಿ ನೀರು ಕುಡಿದ. ಸುತ್ತ ನೋಡಿದೆ, ಎಲ್ಲರೂ ಹಾಗೇ ಕುಡಿಯುತ್ತಿದ್ದರು, ನನ್ನ ಮೊಮ್ಮಗಳೂ. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ. ದೊಡ್ಡಮ್ಮ ಹಾಗೆ ಕುಡಿದದ್ದು ಒಂದೇ ಸಲ, ಕಡಕೊಳದ ರೈಲ್ವೆ ಗೇಟಿನ ಹತ್ತಿರ. ಅದನ್ನು ಕಂಡವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.